ಪಿಕಪ್‌ಗೆ ಟೂಲ್ ಬಾಕ್ಸ್: ಅಡ್ಡ ಪೆಟ್ಟಿಗೆಯೋ, ಡ್ರಾಯರೋ, ಪಕ್ಕದ ಪೆಟ್ಟಿಗೆಯೋ?

ನಲ್ಲಿ_ರಿಪೇರಿ:

ಎಲ್ಲರಿಗೂ ನಮಸ್ಕಾರ. ನನ್ನದು ಪ್ಲಂಬಿಂಗ್ ಕೆಲಸ, ಜೊತೆಗೆ ಸಣ್ಣಪುಟ್ಟ ವೈರಿಂಗ್ ಕೂಡ ಮಾಡುತ್ತೇನೆ. ಇಷ್ಟು ದಿನ ವ್ಯಾನ್ ಇತ್ತು, ಈಗ ಡಬಲ್ ಕ್ಯಾಬ್ ಪಿಕಪ್ ತೆಗೆದುಕೊಂಡಿದ್ದೇನೆ. ವ್ಯಾನಿನಲ್ಲಿ ಬಾಗಿಲು ಎಳೆದು ಬೀಗ ಹಾಕಿದರೆ ಮುಗಿಯಿತು. ಇಲ್ಲಿ ನೋಡಿದರೆ ಹಿಂದೆ ಬಟಾಬಯಲು. ಸದ್ಯಕ್ಕೆ ಟೂಲ್ಸ್ ಎಲ್ಲಾ ಹಿಂದಿನ ಸೀಟಿನ ಮೇಲೆ ಸಂಸಾರ ಹೂಡಿವೆ. ಮನೆಯವರು ಹತ್ತಬೇಕೆಂದರೆ ಮೊದಲು ಪೈಪ್ ರೆಂಚ್‌ಗಳನ್ನು ಇಳಿಸಬೇಕು. ಮೊನ್ನೆ ಜೋರಾಗಿ ಬ್ರೇಕ್ ಹಾಕಿದಾಗ ಒಂದು ರೆಂಚ್ ಸೀಟಿನಿಂದ ಜಾರಿ ನನ್ನ ಸೀಟಿನ ಬೆನ್ನಿಗೆ ಬಡಿಯಿತು. ಅವತ್ತೇ ತೀರ್ಮಾನ ಮಾಡಿದೆ, ಇವು ಕ್ಯಾಬಿನ್‌ನಲ್ಲಿ ಇರಬಾರದು ಅಂತ.

ಬಾಡಿಯ, ಅಂದರೆ ಹಿಂದಿನ ತೆರೆದ ಭಾಗದ, ಅಳತೆ ಹೀಗಿದೆ. ಒಳಗಿನ ಉದ್ದ 1500 ಮಿ.ಮೀ., ಆಳ 480. ಚಕ್ರದ ಉಬ್ಬುಗಳ ನಡುವೆ 1100. ಮೇಲ್ಗಡೆ ಒಂದು ಪಕ್ಕದ ಅಂಚಿನಿಂದ ಇನ್ನೊಂದು ಪಕ್ಕದ ಅಂಚಿಗೆ ಸುಮಾರು 1400.

ವಾರಕ್ಕೊಂದೆರಡು ಸಲ ಪೈಪುಗಳನ್ನು ಒಯ್ಯುತ್ತೇನೆ, ಆಗಾಗ ಒಂದು ವಾಟರ್ ಹೀಟರ್. ಹಾಗಾಗಿ ನೆಲವನ್ನೆಲ್ಲಾ ಪೆಟ್ಟಿಗೆಗೇ ಕೊಟ್ಟುಬಿಟ್ಟರೆ ಕಷ್ಟ. ಕ್ಯಾಬಿನ್ ಹಿಂದೆ ಅಡ್ಡಡ್ಡ ಕೂರುವ ಪೆಟ್ಟಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಕೆಲವರು ಡ್ರಾಯರ್ ಹಾಕಿಸು ಅನ್ನುತ್ತಾರೆ, ಇನ್ನು ಕೆಲವರು ಎರಡೂ ಪಕ್ಕಕ್ಕೆ ಉದ್ದ ಪೆಟ್ಟಿಗೆ ಅನ್ನುತ್ತಾರೆ. ಸ್ಟೀಲ್, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಂತ ಮೂರು ಬೇರೆ. ಬಳಸಿದವರು ಹೇಳಿ, ಅಂಗಡಿಯವರು ಹೇಳುವುದನ್ನು ಆಗಲೇ ಕೇಳಿಯಾಗಿದೆ.

---

ಅರ್ಧಇಂಚು_ನಟ್ಟು:

ಏಳು ವರ್ಷದಿಂದ ಅಡ್ಡ ಪೆಟ್ಟಿಗೆಯೇ ನನ್ನದು. ನಿಮ್ಮ ಕೆಲಸಕ್ಕೆ ಅದೇ ಸರಿ ಅಂತ ನನ್ನ ಅನಿಸಿಕೆ. ಕಾರಣ ಒಂದೇ. ಅದು ಪಕ್ಕದ ಅಂಚುಗಳ ಮೇಲೆ ಕೂತು ಕೆಳಗೆ ಜೋತಾಡುತ್ತದೆ, ನೆಲ ಮುಟ್ಟುವುದಿಲ್ಲ. ಕೆಳಗೆ ಒಂದು ಗೇಣು ಜಾಗ ಉಳಿದರೂ ಪೈಪು ಅದರಡಿ ತೂರಿ ಕ್ಯಾಬಿನ್ ಗೋಡೆಯವರೆಗೆ ಹೋಗುತ್ತದೆ. ಪೂರ್ತಿ ಆಳದ ಪೆಟ್ಟಿಗೆ ತೆಗೆದುಕೊಂಡರೆ ಆ ಲಾಭ ಹೋಯಿತು. ನಿಮ್ಮ 480 ಆಳಕ್ಕೆ 300 ಕೆಳಗಿಳಿಯುವ ಪೆಟ್ಟಿಗೆ ಸಾಕು.

ಈಗ ತೊಂದರೆಗಳು. ಪಕ್ಕದಲ್ಲಿ ನಿಂತು ಕೈ ಹಾಕಿದರೆ ಅರ್ಧದವರೆಗೂ ಸಿಗುವುದಿಲ್ಲ. ಎರಡು ತುದಿಯಲ್ಲಿ ಇಟ್ಟದ್ದು ಕೈಗೆ ಬರುತ್ತದೆ, ನಡುವೆ ಬಿದ್ದದ್ದನ್ನು ತೆಗೆಯಲು ಪಾತಾಳಗರಡಿಯೇ ಬೇಕು. ನಾನು ನಡುವಿನಲ್ಲಿ ಜಾಕು, ಎಳೆಯುವ ಚೈನು, ಟಾರ್ಪಾಲು ಇಂಥವನ್ನೇ ಇಡುತ್ತೇನೆ, ತಿಂಗಳಿಗೊಮ್ಮೆ ಬೇಕಾಗುವಂಥವು.

ಇನ್ನೊಂದು, ಮುಚ್ಚಳ ಹೇಗೆ ತೆರೆಯುತ್ತದೆ ನೋಡಿ. ಒಂದೇ ಉದ್ದ ಮುಚ್ಚಳ ಇದ್ದರೆ ಒಂದು ಕಡೆ ಬೀಗ ತೆಗೆದರೂ ಪೂರ್ತಿ ಎದ್ದು ನಿಲ್ಲುತ್ತದೆ. ನಡುವೆ ಕೀಲು ಇದ್ದು ಎರಡೂ ಕಡೆಗೆ ರೆಕ್ಕೆಯಂತೆ ತೆರೆಯುವುದಾದರೆ ಪಕ್ಕದಲ್ಲಿ ನಿಂತವರಿಗೆ ಸುಲಭ, ಆದರೆ ನಡುವಿನ ಪಟ್ಟಿ ಅಡ್ಡ ಬರುತ್ತದೆ, ಉದ್ದದ ಲೆವೆಲ್ಲು ಇಡುವುದು ತೆಗೆಯುವುದು ಹಿಂಸೆ. ನಾನು ಮೊದಲ ಸಲ ಅಳತೆ ತೆಗೆಯದೆ ತಂದು, ಮುಚ್ಚಳ ಎತ್ತಿದರೆ ಕ್ಯಾಬಿನ್ ಹಿಂದಿನ ಕಂಬಿಯ ಗಾರ್ಡಿಗೆ ಬಡಿದು ಅರ್ಧಕ್ಕೇ ನಿಂತಿತು. ಗಾರ್ಡನ್ನೇ ಕತ್ತರಿಸಬೇಕಾಯಿತು. ನಗಬೇಡಿ.

ಮುಚ್ಚಳ ಅಂಚಿಗಿಂತ ಎಷ್ಟು ಮೇಲೆ ಬರುತ್ತದೆ ಅನ್ನುವುದನ್ನೂ ನೋಡಿ. ಎತ್ತರದ್ದಾದರೆ ಹಿಂದಿನ ಗಾಜಿನ ಕೆಳಭಾಗ ಮುಚ್ಚಿಹೋಗುತ್ತದೆ, ರಿವರ್ಸ್ ತೆಗೆಯುವಾಗ ಗೊತ್ತಾಗುತ್ತದೆ ಅದರ ಬೆಲೆ.

---

ಗರಗಸ:

ನಾನು ಮರಗೆಲಸದವನು, ಡ್ರಾಯರ್ ಪಕ್ಷ. ಹೋದ ಮಳೆಗಾಲಕ್ಕೆ ಮುಂಚೆ ನಾನೇ 18 ಮಿ.ಮೀ. ಪ್ಲೈವುಡ್‌ನಲ್ಲಿ ಎರಡು ಉದ್ದ ಡ್ರಾಯರ್ ಮಾಡಿ ಬಾಡಿಯಲ್ಲಿ ಕೂರಿಸಿದೆ. ಹಿಂದಿನ ಬಾಗಿಲು ಇಳಿಸಿ ಎಳೆದರೆ ಅಂಗಡಿಯೇ ಹೊರಗೆ ಬಂದ ಹಾಗೆ, ಬಗ್ಗಿ ಹುಡುಕುವ ಮಾತೇ ಇಲ್ಲ, ಪ್ರತಿ ಟೂಲಿಗೂ ಒಂದು ಜಾಗ, ಖಾಲಿ ಜಾಗ ಕಂಡರೆ ಯಾವುದು ಮರೆತು ಬಂದೆ ಅಂತ ತಕ್ಷಣ ಗೊತ್ತು. ಎರಡು ಸಲ ಡ್ರಿಲ್ ಬಿಟ್ಟು ಬಂದು ವಾಪಸ್ ಹೋದವನಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ನಿಮಗೆ ಹೇಳುತ್ತೇನಾ? ಇಲ್ಲ.

ಯಾಕೆಂದರೆ ಮೊದಲನೆಯದು, ನೆಲ 300 ಮಿ.ಮೀ. ಮೇಲೆ ಬರುತ್ತದೆ. ನಾನು ಪ್ಲೈ ಹಾಳೆಗಳನ್ನು ಮೇಲೆ ಮಲಗಿಸುತ್ತೇನೆ, ನನಗೆ ಅದು ಲಾಭವೇ, ಚಕ್ರದ ಉಬ್ಬುಗಳ ಕಾಟ ತಪ್ಪಿತು. 1220 ಅಗಲದ ಹಾಳೆ ನಿಮ್ಮ 1100 ನಡುವೆ ಹೇಗೂ ಕೂರುವುದಿಲ್ಲ ಅಲ್ವಾ, ನನ್ನದೂ ಹಾಗೇ ಇತ್ತು. ನೀವು ವಾಟರ್ ಹೀಟರ್ ಎತ್ತಬೇಕು, ಅದನ್ನು ಇನ್ನೊಂದು ಗೇಣು ಮೇಲಕ್ಕೆ ಎತ್ತುವುದು ಸೊಂಟಕ್ಕೆ ಒಳ್ಳೆಯದಲ್ಲ. ಎರಡನೆಯದು, ಹಿಂದೆ ಟ್ರೈಲರ್ ಸಿಕ್ಕಿಸಿದ್ದರೆ ಡ್ರಾಯರ್ ಎಳೆಯಲು ಆಗುವುದೇ ಇಲ್ಲ. ಗೋಡೆಗೆ ಹಿಂಬದಿ ಮಾಡಿ ಗಾಡಿ ನಿಲ್ಲಿಸಿದರೂ ಅದೇ ಕಥೆ. ಮೂರನೆಯದು ನೀರು. ಮೇಲೆ ಕವರ್ ಇಲ್ಲದೆ ಮರದ ಡ್ರಾಯರ್ ಒಂದು ಮಳೆಗಾಲವೂ ತಡೆಯುವುದಿಲ್ಲ, ಅಂದರೆ ಕವರಿನ ಖರ್ಚೂ ಸೇರಿಸಿ.

ಮಾಡುವುದೇ ಆದರೆ ಡ್ರಾಯರ್ ಜಾರುವ ಹಳಿ ಇದೆಯಲ್ಲ, ಆ ಸ್ಲೈಡ್ ಚಾನೆಲ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅದರ ಮೇಲೆ ಬರೆದಿರುವ ಭಾರ ಜೋಡಿಗೋ ಒಂದಕ್ಕೋ ಅಂತ ಕೇಳಿ. ಅಡುಗೆಮನೆ ಕಪಾಟಿಗೆ ಹಾಕುವ ಚಾನೆಲ್ ಇಲ್ಲಿ ನಡೆಯುವುದಿಲ್ಲ, ಗಾಡಿ ಕುಣಿಯುತ್ತದೆ. ಮತ್ತೆ ಡ್ರಾಯರ್ ಮುಚ್ಚಿದಾಗಲೂ ಎಳೆದಾಗಲೂ ಎರಡೂ ಕಡೆ ಲಾಕ್ ಆಗಬೇಕು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಎಳೆದಾಗ ತುಂಬಿದ ಡ್ರಾಯರ್ ವಾಪಸ್ ಬಂದು ಬೆರಳು ಸಿಕ್ಕಿಸಿಕೊಂಡವನ ಮಾತು ಇದು.

---

ವೆಲ್ಡಿಂಗ್_ಕಿಡಿ:

ಪೆಟ್ಟಿಗೆ ಮಾಡಿಕೊಡುವುದೇ ನನ್ನ ಕೆಲಸ, ಹಾಗಾಗಿ ಲೋಹದ ವಿಷಯ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಸ್ಟೀಲ್ 1.5 ಮಿ.ಮೀ. ತಗಡು ಚದರ ಮೀಟರಿಗೆ ಸುಮಾರು 12 ಕೆಜಿ ತೂಗುತ್ತದೆ. ಅಲ್ಯೂಮಿನಿಯಂ 2 ಮಿ.ಮೀ. ಹಾಕಿದರೂ ಐದೂವರೆ ಕೆಜಿ. ಅಂದರೆ ಜಾಸ್ತಿ ದಪ್ಪ ಹಾಕಿಯೂ ಅರ್ಧಕ್ಕಿಂತ ಕಡಿಮೆ. ಹಾಗಂತ ಅಲ್ಯೂಮಿನಿಯಂ ಯಾವಾಗಲೂ ಮೇಲು ಅನ್ನಬೇಡಿ. ಅದು ಮೆತ್ತಗೆ. ಒಳಗೆ ಭಾರದ ಕಬ್ಬಿಣ ಕುಣಿದರೆ ತಳ ಹೊಟ್ಟೆ ಬಿಟ್ಟುಕೊಳ್ಳುತ್ತದೆ, ಮೂಲೆಯ ವೆಲ್ಡ್ ಬಿರುಕು ಬಿಡುತ್ತದೆ. ರಿಪೇರಿ ಮಾಡಲು ಸ್ಟೀಲ್ ಬೆಸೆಯುವ ಎಲ್ಲರಿಗೂ ಬರುವುದಿಲ್ಲ. ಸ್ಟೀಲ್ ಪೆಟ್ಟಿಗೆಯನ್ನು ಮೀಟುಗೋಲು ಹಾಕಿ ಎಬ್ಬಿಸುವುದು ಕಷ್ಟ, ಆದರೆ ಬಣ್ಣ ಕೆರೆದ ಕಡೆ ತುಕ್ಕು ಶುರು. ಹೊರಗಿನ ಬಣ್ಣ ನೋಡಿ ಮರುಳಾಗಬೇಡಿ, ಮುಚ್ಚಳದ ಮಡಿಕೆಯ ಒಳಗೆ ಬೆರಳು ಆಡಿಸಿ ನೋಡಿ, ತುಕ್ಕು ಅಲ್ಲಿಂದಲೇ ಹುಟ್ಟುವುದು.

ಚೆಕರ್ ಶೀಟ್ ಹೊಳೆಯುತ್ತದೆ ಅಂತ ಕೊಳ್ಳುವವರು ಬಹಳ. ಆ ಉಬ್ಬು ಗೆರೆಗಳು ಕಾಲು ಜಾರದಿರಲಿ ಅಂತ ಇರುವುದು, ಮುಚ್ಚಳದ ಮೇಲೆ ಹತ್ತುವುದಿದ್ದರೆ ಉಪಯೋಗ, ಇಲ್ಲದಿದ್ದರೆ ಸುಮ್ನೆ ಶೋಕಿ. ನಯವಾದ ತಗಡಿಗೆ ಬಿಸಿಲಿನ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದೆ ಅನ್ನುವವರಿಗೆ ಕಪ್ಪು ಪೌಡರ್ ಕೋಟಿಂಗ್ ಇದೆ, ಆದರೆ ಕಪ್ಪು ಪೆಟ್ಟಿಗೆ ಬಿಸಿಲಲ್ಲಿ ಒಲೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಅಲ್ಯೂಮಿನಿಯಂ ಮತ್ತು ಸ್ಟೀಲ್ ನೇರವಾಗಿ ತಾಗಿಕೊಂಡು ನಡುವೆ ಉಪ್ಪುನೀರು ಅಥವಾ ಕೊಳೆ ನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿ ಆಗುತ್ತದೆ. ಸಣ್ಣ ಬ್ಯಾಟರಿ ಇದ್ದ ಹಾಗೆ ಅದು. ಗಾಡಿಯ ಬಾಡಿ ಸ್ಟೀಲು, ಪೆಟ್ಟಿಗೆ ಅಲ್ಯೂಮಿನಿಯಂ ಆದರೆ ಅಂಚಿನ ಉದ್ದಕ್ಕೂ ದಪ್ಪ ರಬ್ಬರ್ ಪಟ್ಟಿ ಹಾಕಿ, ಬೋಲ್ಟಿಗೆ ನೈಲಾನ್ ವಾಷರ್ ಹಾಕಿ. ಉಲ್ಟಾ ಕೂಡ ನಿಜ. ಫೋರ್ಡ್ ಎಫ್-150 ಗಾಡಿಯ ಬಾಡಿ 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ, ಅಂಥದ್ದಕ್ಕೆ ಸ್ಟೀಲ್ ಪೆಟ್ಟಿಗೆ ಕೂರಿಸಿದರೆ ಕರಗುವುದು ಪೆಟ್ಟಿಗೆ ಅಲ್ಲ, ಗಾಡಿ. ರಬ್ಬರ್ ಪಟ್ಟಿ ಬಣ್ಣವನ್ನೂ ಉಳಿಸುತ್ತದೆ, ಕಟಕಟ ಸದ್ದನ್ನೂ ನಿಲ್ಲಿಸುತ್ತದೆ.

ಬಾಡಿಗೆ ತೂತು ಹೊಡೆಯಬೇಡಿ. ಅಂಚಿನ ಕೆಳಗೆ ಕೊಕ್ಕೆಯಂತೆ ಹಿಡಿಯುವ ಜೆ ಬೋಲ್ಟ್ ಅಥವಾ ಕ್ಲ್ಯಾಂಪ್ ಸಾಕು. ನಟ್ಟು ಪೆಟ್ಟಿಗೆಯ ಒಳಗೆ ಬರಬೇಕು, ಹೊರಗೆ ಬಂದರೆ ಕಳ್ಳ ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುತ್ತಾನೆ. ಸಾದಾ ನಟ್ಟು ಬೇಡ, ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟು ಹಾಕಿ, ಮೊದಲ ವಾರ ಓಡಿಸಿದ ಮೇಲೆ ಒಮ್ಮೆ ಬಿಗಿ ಮಾಡಿ. ತುಂಬಾ ಬಿಗಿ ಮಾಡಿದರೆ ಅಂಚೇ ಸೊಟ್ಟಗಾಗುತ್ತದೆ, ಅದನ್ನೂ ನೋಡಿದ್ದೇನೆ.

ಮಳೆ ನೀರಿಗೆ ಬರೋಣ. ನೀರು ತಡೆಯುವುದು ಬೀಡಿಂಗ್ (ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ) ಒಂದೇ ಅಲ್ಲ. ಪೆಟ್ಟಿಗೆಯ ಬಾಯಿಯ ಅಂಚು ಮೇಲಕ್ಕೆ ಎದ್ದು ನಿಂತಿರಬೇಕು, ಮುಚ್ಚಳ ಅದರ ಮೇಲೆ ಟೋಪಿಯ ಹಾಗೆ ಕೂರಬೇಕು. ಆಗ ಬೀಡಿಂಗ್ ಹಳತಾದರೂ ನೀರು ಹೊರಗೇ ಹರಿಯುತ್ತದೆ. ಸಪಾಟು ಅಂಚಿಗೆ ಫೋಮ್ ಅಂಟಿಸಿದ ಪೆಟ್ಟಿಗೆಗಳು ಎರಡನೇ ವರ್ಷಕ್ಕೆ ಕೊಳ ಆಗುತ್ತವೆ. ಮುಚ್ಚಳ ಹಾಕಿ, ನಡುವೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ನೀರಿಗೂ ದಾರಿ ಇದೆ. ನಾಲ್ಕೂ ಬದಿ ಹೀಗೆ ನೋಡಿ.

ಬೀಗದ ಬಗ್ಗೆ ಕಡಿಮೆ ಹೇಳುತ್ತೇನೆ. ಒಂದೇ ಚಿಲಕ ನಡುವೆ ಇದ್ದರೆ ಮೂಲೆ ಎಬ್ಬಿಸಬಹುದು. ಎರಡು ತುದಿಯಲ್ಲೂ ಹಿಡಿಯಬೇಕು.

---

ನಲ್ಲಿ_ರಿಪೇರಿ:

ಅಬ್ಬಾ, ಇಷ್ಟೊಂದು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಗರಗಸ ಅವರು ತಮ್ಮ ಪಕ್ಷ ಬಿಟ್ಟು ನನ್ನ ಸೊಂಟದ ಬಗ್ಗೆ ಯೋಚಿಸಿದ್ದು ನೋಡಿ ಖುಷಿಯಾಯಿತು. ಕಿಡಿ ಅಣ್ಣಾ, ಪ್ಲಾಸ್ಟಿಕ್ ಬಗ್ಗೆ ಒಂದು ಮಾತೂ ಹೇಳಲಿಲ್ಲ?

---

ವೆಲ್ಡಿಂಗ್_ಕಿಡಿ:

ಪ್ಲಾಸ್ಟಿಕ್ ಬೆಸೆಯಲು ನನಗೆ ಬರುವುದಿಲ್ಲ, ಅದಕ್ಕೆ 😄 ತುಕ್ಕು ಹಿಡಿಯುವುದಿಲ್ಲ, ಹಗುರ, ಅಷ್ಟೇ. ಭಾರ ಹಾಕಿದರೆ ಮುಚ್ಚಳ ಬಾಗುತ್ತದೆ, ಬಾಗಿದ ಮೇಲೆ ಬೀಡಿಂಗ್ ಕೂರುವುದಿಲ್ಲ.

---

ಅರ್ಧಇಂಚು_ನಟ್ಟು:

ಇದನ್ನು ಒಪ್ಪುವುದಿಲ್ಲ ಗುರುಗಳೇ. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಬೇರೆ, ಒಂದರ ಮೇಲೊಂದು ಕೂರಿಸಿ ಲಾಕ್ ಮಾಡುವ ಸಣ್ಣ ಪೆಟ್ಟಿಗೆಗಳು ಬೇರೆ. ಮಿಲ್ವಾಕಿಯ ಪ್ಯಾಕೌಟ್, ಡೀವಾಲ್ಟ್‌ನ ಟಫ್‌ಸಿಸ್ಟಮ್ ಥರದವು. ನಾನು ನಲ್ಲಿ, ಎಲ್ಬೋ, ಟೀ, ವಾಷರ್ ಎಲ್ಲವನ್ನೂ ಅಂಥದ್ದರಲ್ಲೇ ಹಾಕಿ ಮನೆಯೊಳಗೆ ಎತ್ತಿಕೊಂಡು ಹೋಗುತ್ತೇನೆ, ಗಾಡಿಗೂ ಮೂರನೇ ಮಹಡಿಗೂ ಇಪ್ಪತ್ತು ಸಲ ಓಡಾಡುವುದು ತಪ್ಪಿತು. ಕಬ್ಬಿಣದ ಪೆಟ್ಟಿಗೆ ಗಾಡಿಯಲ್ಲೇ ಇರುತ್ತದೆ, ಕೆಲಸ ಇರುವುದು ಗಾಡಿಯಲ್ಲಿ ಅಲ್ಲವಲ್ಲ.

ಒಂದೇ ಒಂದು, ಅವುಗಳನ್ನು ಬಾಡಿಯಲ್ಲಿ ಸುಮ್ನೆ ಬಿಟ್ಟರೆ ಯಾರು ಬೇಕಾದರೂ ಹಿಡಿಕೆ ಹಿಡಿದು ಹೊರಡಬಹುದು. ಹಿಡಿಕೆ ಇಟ್ಟಿರುವುದೇ ಎತ್ತಲಿಕ್ಕೆ.

---

ರಾತ್ರಿ_ಪಾಳಿ:

ಎಲ್ಲರೂ ಪೆಟ್ಟಿಗೆ ಬಗ್ಗೆ ಮಾತಾಡುತ್ತಿದ್ದೀರಿ, ತೂಕದ ಬಗ್ಗೆ ಯಾರೂ ಕೇಳಲಿಲ್ಲ. ನಲ್ಲಿ ಅವರೇ, ನಿಮ್ಮ ಟೂಲ್ಸ್ ಒಟ್ಟು ಎಷ್ಟು ತೂಗುತ್ತವೆ ಗೊತ್ತಾ? ಮನೆಯ ತೂಕದ ಮಷಿನ್ ಮೇಲೆ ಒಂದೊಂದೇ ಬಕೆಟ್ ಎತ್ತಿಕೊಂಡು ನಿಂತು ನೋಡಿ, ನಿಮ್ಮ ತೂಕ ಕಳೆಯಿರಿ. ಗಾಡಿ ಎಷ್ಟು ಹೊರಬಹುದು ಅನ್ನುವುದು ಮ್ಯಾನುಯಲ್‌ನಲ್ಲೋ ಬಾಗಿಲ ಬಳಿಯ ಪಟ್ಟಿಯಲ್ಲೋ ಬರೆದಿರುತ್ತದೆ. ಅದರಲ್ಲಿ ಒಳಗೆ ಕೂತ ಜನರ ತೂಕವೂ ಸೇರಿದೆ, ಬಹಳ ಜನ ಇದನ್ನು ಮರೆಯುತ್ತಾರೆ. ಪೆಟ್ಟಿಗೆ, ಟೂಲ್ಸ್, ಹೀಟರ್, ಇಬ್ಬರು ಮನುಷ್ಯರು, ಎಲ್ಲಾ ಕೂಡಿಸಿ.

ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಹೋದಷ್ಟೂ ಮೂತಿ ಎದ್ದು ಸ್ಟಿಯರಿಂಗ್ ಹಗುರ ಆಗುತ್ತದೆ, ಏತದ ಥರ. ಅಡ್ಡ ಪೆಟ್ಟಿಗೆಯ ನಿಜವಾದ ಲಾಭ ಇದೇ, ಭಾರ ಕ್ಯಾಬಿನ್‌ಗೆ ಒತ್ತಿಕೊಂಡು ಆಕ್ಸಲ್‌ಗಿಂತ ಮುಂದೆ ಬರುತ್ತದೆ. ಪಕ್ಕದ ಉದ್ದ ಪೆಟ್ಟಿಗೆಯವರು ಒಂದೇ ಕಡೆ ಭಾರ ತುಂಬಿ, ಗಾಡಿ ಯಾಕೆ ವಾಲುತ್ತದೆ ಅಂತ ಕೇಳುವುದನ್ನು ನೋಡಿದ್ದೇನೆ.

ಮತ್ತೆ ಇದು ತಮಾಷೆ ಅಲ್ಲ, ಗಮನ ಕೊಟ್ಟು ಓದಿ. ಪ್ಲಂಬಿಂಗ್ ಅಂದರೆ ತಾಮ್ರದ ಪೈಪು ಬೆಸೆಯುವ ಟಾರ್ಚು ಇರುತ್ತದೆ ಅಲ್ವಾ. ಆ ಗ್ಯಾಸ್ ಸಿಲಿಂಡರ್ ಯಾವ ಕಾರಣಕ್ಕೂ ಮುಚ್ಚಿದ ಪೆಟ್ಟಿಗೆಯೊಳಗೆ ಬೇಡ. ವಾಲ್ವ್ ಒಂದಿಷ್ಟು ಸೋರಿದರೆ ರಾತ್ರಿಯೆಲ್ಲಾ ಒಳಗೇ ತುಂಬಿಕೊಳ್ಳುತ್ತದೆ. ಪ್ರೊಪೇನ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ಅಸಿಟಿಲೀನ್ ಅಂತೂ ಶೇಕಡಾ 2.5ರಿಂದ ಶುರುವಾಗಿ 80ರವರೆಗೂ ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಒಳಗಿನ ಲೈಟಿನ ಸ್ವಿಚ್ಚೋ, ಬ್ಯಾಟರಿ ಟೂಲೋ ಒಂದು ಕಿಡಿ ಕೊಟ್ಟರೆ ಮುಗಿಯಿತು. ಸಿಲಿಂಡರ್ ಬಯಲಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿ, ಕೆಲಸ ಮುಗಿದ ಮೇಲೆ ಮೊದಲು ವಾಲ್ವ್ ಮುಚ್ಚಿ, ಆಮೇಲೆ ರೆಗ್ಯುಲೇಟರ್ ಬಿಚ್ಚಿ. ಪಿ.ವಿ.ಸಿ. ಅಂಟಿನ ಡಬ್ಬಿಯೂ ಹಾಗೇ, ಅದರ ಆವಿಗೂ ಬೆಂಕಿ ಹಿಡಿಯುತ್ತದೆ, ಮುಚ್ಚಳ ಬಿಗಿಯಾಗಿರಲಿ, ಬಿಸಿಲಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಬಿಡಬೇಡಿ.

ಲಿಥಿಯಂ ಬ್ಯಾಟರಿಗಳನ್ನೂ ಸಂಜೆ ಇಳಿಸಿಕೊಳ್ಳಿ. ಬಿಸಿಲಿನ ಕಾವಿಗೆ ಆಯುಸ್ಸು ಕಡಿಮೆಯಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವ ಚಳಿಯಲ್ಲಿ ಚಾರ್ಜ್ ಹಾಕಿದರೆ ಒಳಗೇ ಹಾಳಾಗುತ್ತವೆ.

---

ನಲ್ಲಿ_ರಿಪೇರಿ:

ರಾತ್ರಿ ಪಾಳಿಯವರೇ, ತೂಗಿ ನೋಡಿದೆ. 138 ಕೆಜಿ! ಹೆಚ್ಚೆಂದರೆ ಅರವತ್ತು ಅಂದುಕೊಂಡಿದ್ದೆ. ಅದರಲ್ಲಿ ಬರೀ ಹಳೇ ಫಿಟ್ಟಿಂಗ್‌ಗಳೇ 31 ಕೆಜಿ, ಯಾವತ್ತಾದರೂ ಬೇಕಾಗಬಹುದು ಅಂತ ಇಟ್ಟುಕೊಂಡವು. ಕೆಲವು ಯಾವ ಸೈಜು ಅಂತ ನನಗೇ ಗೊತ್ತಿಲ್ಲ. ಟಾರ್ಚಿನ ಸಿಲಿಂಡರ್ ಇಷ್ಟು ದಿನ ಹಿಂದಿನ ಸೀಟಿನ ಕೆಳಗೇ ಇತ್ತು, ಓದಿದ ತಕ್ಷಣ ಎದ್ದು ಹೋಗಿ ಇಳಿಸಿದೆ.

---

ಗರಗಸ:

ಒಂದು ಉಪಾಯ ಹೇಳುತ್ತೇನೆ, ಖರ್ಚಿಲ್ಲದ್ದು. ಕೊಳ್ಳುವ ಮುಂಚೆ ದಪ್ಪ ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ ಬಾಡಿಯಲ್ಲಿ ಕಟ್ಟಿ, ಎರಡು ವಾರ ಹಾಗೇ ಓಡಿಸಿ. ನಕ್ಕವರು ನಗಲಿ. ಹೀಟರ್ ಹತ್ತಿಸುವಾಗ ಅಡ್ಡ ಬರುತ್ತದಾ, ಪೈಪು ಕೆಳಗೆ ತೂರುತ್ತದಾ, ಗಾಜಿನಲ್ಲಿ ಹಿಂದೆ ಕಾಣುತ್ತದಾ, ಎಲ್ಲಾ ತಾನಾಗೇ ಗೊತ್ತಾಗುತ್ತದೆ. ಜೊತೆಗೆ ಒಂದು ಚೀಟಿ ಇಟ್ಟುಕೊಂಡು, ಯಾವ ಟೂಲ್ ತೆಗೆದರೂ ಒಂದು ಗೀಟು ಹಾಕಿ. ನಾನು ಹಾಗೆ ಮಾಡಿದಾಗ, ನಾನು ದಿನವೂ ಬಳಸುವುದು ಬರೀ ಹನ್ನೊಂದು ಟೂಲು ಅಂತ ಗೊತ್ತಾಯಿತು. ಉಳಿದವು ಸುಮ್ನೆ ಸವಾರಿ ಮಾಡುತ್ತಿದ್ದವು.

---

ನಲ್ಲಿ_ರಿಪೇರಿ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ರಟ್ಟಿನ ಪೆಟ್ಟಿಗೆ ಮಾಡಿದೆ. ನಾಲ್ಕನೇ ದಿನ ಮಳೆಗೆ ನೆನೆದು ಮುದ್ದೆಯಾಯಿತು, ಆದರೆ ಅಷ್ಟರಲ್ಲೇ ಎರಡು ವಿಷಯ ಗೊತ್ತಾದವು. 500 ಅಗಲದ ಪೆಟ್ಟಿಗೆ ಹಾಕಿದರೆ ಮೇಲ್ಗಡೆ ಉಳಿಯುವುದು ಒಂದು ಮೀಟರ್. ಹೀಟರ್ ನೆಟ್ಟಗೆ ನಿಲ್ಲುತ್ತದೆ, ಆದರೆ ಅದರ ಜೊತೆ ಬೇರೆ ಏನೂ ಇಲ್ಲ. 400 ಅಗಲದ್ದಾದರೆ ಆರಾಮ. ಎರಡನೆಯದು ಗೀಟಿನ ಚೀಟಿ. ಅತಿ ಹೆಚ್ಚು ಗೀಟು ಬಿದ್ದದ್ದು ಎರಡು ಪೈಪ್ ರೆಂಚ್, ಟೆಫ್ಲಾನ್ ಟೇಪ್, ಹ್ಯಾಕ್ಸಾ, ಟೆಸ್ಟರ್, ಕಟಿಂಗ್ ಪ್ಲೇಯರ್, ಟಾರ್ಚ್ ಲೈಟು. ಇಷ್ಟೂ ಒಂದು ಚೀಲಕ್ಕೆ ಸಾಕು! ಇದಕ್ಕಾಗಿ ನಾನು ದಿನಕ್ಕೆ ಹತ್ತು ಸಲ 138 ಕೆಜಿ ಕೆದಕುತ್ತಿದ್ದೆ.

ಹಾಗಾಗಿ ಈಗಿನ ಲೆಕ್ಕ ಹೀಗೆ. 400 ಅಗಲ, 300 ಆಳದ ಅಲ್ಯೂಮಿನಿಯಂ ಅಡ್ಡ ಪೆಟ್ಟಿಗೆ, ಒಂದೇ ಮುಚ್ಚಳ, ಎರಡು ಕಡೆ ಚಿಲಕ, ಬಾಯಿಯ ಅಂಚು ಮೇಲೆದ್ದಿರುವಂಥದ್ದು. ದಿನದ ಟೂಲ್ಸ್ ಒಂದು ಚೀಲದಲ್ಲಿ, ಅದು ಪೆಟ್ಟಿಗೆಯ ಎಡತುದಿಯಲ್ಲಿ. ಫಿಟ್ಟಿಂಗ್‌ಗಳು ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಬಲತುದಿಯಲ್ಲಿ. ನಡುವಿನ ಪಾತಾಳಕ್ಕೆ ಡ್ರೈನ್ ಸ್ಪ್ರಿಂಗು, ಚೈನು. ಹಳೇ ಫಿಟ್ಟಿಂಗ್ 31 ಕೆಜಿಯಲ್ಲಿ 20 ಗುಜರಿಗೆ ಹೋಯಿತು, ಮನಸ್ಸು ಹಿಂಡಿತು. ಪೈಪು ಪೆಟ್ಟಿಗೆಯಡಿ.

ಕಿಡಿ ಅಣ್ಣಾ, ಕೊನೆಯ ಪ್ರಶ್ನೆ. ಒದ್ದೆ ಟೂಲ್ಸ್ ಹಾಕಿದರೆ ಒಳಗೆ ನೀರು ನಿಲ್ಲುತ್ತದಲ್ಲ, ತಳಕ್ಕೆ ತೂತು ಬೇಕಾ?

---

ವೆಲ್ಡಿಂಗ್_ಕಿಡಿ:

ಬೇಕು. ಒಂದು ಮೂಲೆಯಲ್ಲಿ 8 ಮಿ.ಮೀ. ತೂತು ಸಾಕು, ರಬ್ಬರ್ ಬಿರಡೆ ಹಾಕಿ ಇಟ್ಟು ವಾರಕ್ಕೊಮ್ಮೆ ತೆಗೆಯಿರಿ. ತೆರೆದೇ ಬಿಟ್ಟರೆ ಚಕ್ರದ ಧೂಳು ಅದೇ ತೂತಿನಿಂದ ಒಳಗೆ ಬರುತ್ತದೆ. ತಳಕ್ಕೆ ತೂತುಗಳಿರುವ ರಬ್ಬರ್ ಮ್ಯಾಟ್ ಹಾಸಿ, ಟೂಲ್ಸ್ ನೀರಿಗೆ ತಾಗದೆ ಮೇಲೆ ನಿಲ್ಲುತ್ತವೆ, ಸದ್ದೂ ಇರುವುದಿಲ್ಲ. ಮಳೆಯೇ ಬರದಿದ್ದರೂ ರಾತ್ರಿ ತಣ್ಣಗಾದಾಗ ಮುಚ್ಚಳದ ಒಳಮೈಗೆ ಹನಿ ಕಟ್ಟುತ್ತದೆ, ಅದಕ್ಕೆ ಒಂದೆರಡು ಸಿಲಿಕಾ ಜೆಲ್ ಚೀಲ ಹಾಕಿಡಿ, ತಿಂಗಳಿಗೊಮ್ಮೆ ಬಿಸಿ ಮಾಡಿ ಮತ್ತೆ ಬಳಸಬಹುದು.

---

ಅರ್ಧಇಂಚು_ನಟ್ಟು:

ಬೋಲ್ಟ್ ಬಿಗಿಯುವ ಮುಂಚೆ ಮುಚ್ಚಳ ಒಮ್ಮೆ ಪೂರ್ತಿ ಎತ್ತಿ ನೋಡಿ ಮಾರಾಯ್ರೇ. ನನ್ನ ಗಾರ್ಡ್ ಇನ್ನೂ ಶೆಡ್‌ನಲ್ಲಿ ಎರಡು ತುಂಡಾಗಿ ಬಿದ್ದಿದೆ.